ತಾಹೇರಾ ಒಡೆಯಲಾರದ ಬನ್ನು

ನರಸಿಂಹರಾಜಪುರದಲ್ಲಿ ಅಸಾದುಲ್ಲಾನ ಬೇಕರಿ ಬನ್ನಿಗೆ ಒಳ್ಳೆಯ ಹೆಸರಿದೆ. ಅವನ ಅವಸರಕ್ಕೂ ಅಷ್ಟೇ ಹೆಸರಿದೆ. ಬೇಕರಿಯ ಮೇಲೆ ಹೊಸ ಕೋಣೆಯೊಂದರ ಗೋಡೆ ಏಳುತ್ತಿತ್ತು. ಮಗಳು ನಸ್ರೀನ್ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳು. ಬಾಣಂತಿಯೂ ಮಗುವೂ ಮಲಗುವುದು ಅದೇ ಕೋಣೆಯಲ್ಲಿ.

ಒಂದು ದಿನ ಮೇಸ್ತ್ರಿ ಧರ್ಮಪ್ಪ ಮಾತಿನ ನಡುವೆ, ತಾನು ತರಿಸುವ ಸಿಮೆಂಟಿನಲ್ಲಿ ಬೂದಿಯೂ ಇರುತ್ತದೆ ಎಂದ. ಅಸಾದುಲ್ಲಾನಿಗೆ ಅಷ್ಟೇ ಸಾಕಾಯಿತು. ಬೇಕರಿಯವನಿಗೆ ಬೂದಿಯ ಬರವೇ? ಸೌದೆ ಒಲೆಯ ಬೂದಿಯನ್ನು ಜರಡಿ ಹಿಡಿದು, ಎಂಟು ಮೈದಾ ಚೀಲ ತುಂಬಿಸಿ, ತಾರಸಿಗೆಂದು ಸಾಲಾಗಿ ಇಟ್ಟುಬಿಟ್ಟ.

ಹೆಂಡತಿ ತಾಹೇರಾ ಒಂದು ಚೀಲ ಬಿಚ್ಚಿ ನೋಡಿದಳು.

"ಇದ್ರಲ್ಲಿ ನಾನು ಪಾತ್ರೆ ತಿಕ್ತೀನಿ ಮಾರಾಯ್ರೆ. ಇದ್ರ ಕೆಳಗೆ ನನ್ನ ಮೊಮ್ಮಗು ಮಲಗೋದಿಲ್ಲ. ನಿಮ್ಮ ಬೂದಿನೂ ಬೇಡ, ಧರ್ಮಪ್ಪನ ಬೂದಿ ಸಿಮೆಂಟೂ ಬೇಡ."

ಆಗ ಬಂದವಳು ನಯನ. ನಸ್ರೀನಳ ಜೊತೆ ಓದಿದವಳು, ಈಗ ಕೊಪ್ಪದಲ್ಲಿ ಸಿವಿಲ್ ಎಂಜಿನಿಯರ್. ಚೀಲಗಳ ಸಾಲು ನೋಡಿ ನಕ್ಕು ನಕ್ಕು ಅವಳಿಗೆ ಸುಸ್ತಾಯಿತು. ಒಲೆಯ ಬೂದಿ ಬೇಡ ಎಂದ ತಾಹೇರಕ್ಕನ ಮಾತು ನೂರಕ್ಕೆ ನೂರು ಸರಿ, ಅದನ್ನು ಕಾಂಕ್ರೀಟಿಗೆ ಸೇರಿಸಲೇಬಾರದು ಎಂದಳು. ಸಿಮೆಂಟಿನಲ್ಲಿರುವುದು ಬೇರೆ ಬೂದಿ. ಕಲ್ಲಿದ್ದಲು ಸುಟ್ಟು ಕರೆಂಟು ತಯಾರಿಸುವಲ್ಲಿ ಹೊಗೆಯ ಜೊತೆ ಹಾರುವ ನುಣ್ಣನೆಯ ಬೂದಿ ಅದು. ಅದಕ್ಕೇ ಹಾರುಬೂದಿ ಎನ್ನುತ್ತಾರೆ. ಅದನ್ನು ಹಿಡಿದು, ಪರೀಕ್ಷಿಸಿ, ಕಾರ್ಖಾನೆಯಲ್ಲೇ ಅಳತೆಯಂತೆ ಬೆರೆಸುತ್ತಾರೆ.

"ಅದು ಕಾಂಕ್ರೀಟಿನ ಸಣ್ಣ ಸಣ್ಣ ತೂತು ತುಂಬುತ್ತೆ ತಾಹೇರಕ್ಕ. ನೀರು ಬೇಗ ಇಳಿಯಲ್ಲ. ನಮ್ಮ ಕಡೆ ಮಳೆಗೆ ಅದೇ ಅಲ್ದಾ ಬೇಕಾಗಿದ್ದು?"

"ಬಾಯಲ್ಲಿ ಹೇಳಿದ್ರೆ ಆಗಲ್ಲ ಮಗಳೇ. ತೋರ್ಸು."

ನಯನ ಬೇಕರಿಯ ಎರಡು ಬನ್ನಿನ ಅಚ್ಚು ಕೇಳಿ ಪಡೆದಳು. ಒಂದರಲ್ಲಿ ಹಾರುಬೂದಿ ಸಿಮೆಂಟಿನ ಗಾರೆ ತುಂಬಿದಳು. ಇನ್ನೊಂದರಲ್ಲಿ ಅರ್ಧ ಸಿಮೆಂಟಿನ ಬದಲು ಒಲೆಯ ಬೂದಿ ಕಲಸಿದ ಗಾರೆ ತುಂಬಿದಳು. ಮರುದಿನ ಅಚ್ಚಿನಿಂದ ಬಿಡಿಸಿ ಎರಡನ್ನೂ ಬಕೆಟ್ ನೀರಿನಲ್ಲಿ ಮುಳುಗಿಸಿದಳು. ಇಪ್ಪತ್ತೆಂಟು ದಿನ ಮುಟ್ಟುವಂತಿಲ್ಲ ಎಂದಳು. ಅಸಾದುಲ್ಲಾ ದಿನಾ ಎರಡು ಸಲ ಬಕೆಟ್ ಇಣುಕಿ ನೋಡಿ ಬೈಸಿಕೊಂಡ.

ಇಪ್ಪತ್ತೆಂಟನೇ ದಿನ ಬಂತು. ತಾಹೇರಾ ಧರ್ಮಪ್ಪನ ಸುತ್ತಿಗೆ ಇಸಕೊಂಡಳು. ಒಲೆ ಬೂದಿಯ ಬನ್ನು ಒಂದೇ ಏಟಿಗೆ ರಸ್ಕಿನಂತೆ ಪುಡಿಯಾಯಿತು. ಇನ್ನೊಂದಕ್ಕೆ ಐದು ಏಟು ಹಾಕಿದಳು. ಕೈ ನೋವು ಬಂತು, ಬನ್ನು ಹಾಗೇ ಇತ್ತು.

"ನಾಳೆನೇ ತಾರಸಿ ಹಾಕಿ ಧರ್ಮಪ್ಪ," ಎಂದು ಅವಳು ನಕ್ಕಳು.

ಈ ಸಿಮೆಂಟು ಮೊದಮೊದಲು ನಿಧಾನವಾಗಿ ಗಟ್ಟಿಯಾಗುತ್ತದೆ, ಹದಿನಾಲ್ಕು ದಿನ ತಪ್ಪದೆ ತಾರಸಿಯ ಮೇಲೆ ನೀರು ನಿಂತಿರಬೇಕು, ತಾನು ಹೇಳುವ ತನಕ ಅದರ ಕೆಳಗೆ ಕೊಟ್ಟ ಆಧಾರದ ಕಂಬ ಬಿಚ್ಚಬಾರದು ಎಂದು ನಯನ ಎಚ್ಚರಿಸಿದ್ದಳು. ತಾರಸಿ ಹಾಕಿದ ಏಳನೇ ದಿನವೇ ಅಸಾದುಲ್ಲಾ ಕಂಬ ಬಿಚ್ಚಲು ಕೈ ಹಾಕಿದ. ತಾಹೇರಾ ಅವನನ್ನು ಕೆಳಗಿಳಿಸಿ, ಮತ್ತೆ ಹತ್ತದಂತೆ ಮೆಟ್ಟಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಳು. ಅವನು ಬನ್ನು ಬೇಯಿಸಲು ಹೋದ.

ಈಗ ಹೊರಗೆ ಜಡಿಮಳೆ. ಹೊಸ ಕೋಣೆಯಲ್ಲಿ ನಸ್ರೀನಳ ಮಗಳು ನಿದ್ದೆ ಮಾಡುತ್ತಿದ್ದಾಳೆ, ಸೂರಿನಲ್ಲಿ ಒಂದು ತೇವದ ಕಲೆಯಿಲ್ಲ. ಗಾಳಿಗೆ ಬಾಗಿಲು ಬಡಿಯದಂತೆ ಅಜ್ಜಿ ಅದಕ್ಕೆ ಆ ಸಿಮೆಂಟಿನ ಬನ್ನನ್ನೇ ಒತ್ತಿಟ್ಟಿದ್ದಾಳೆ.

ಮನೆ ಕಟ್ಟುತ್ತಿರುವವರೇ, ಸಿಮೆಂಟ್ ಮೂಟೆಯ ಮೇಲೆ ಪಿಪಿಸಿ (PPC), ಫ್ಲೈ ಆ್ಯಶ್ ಎಂದು ಬರೆದಿದ್ದರೆ ಹಾರುಬೂದಿ ಅದರೊಳಗೇ ಇದೆ. ಹೆದರಬೇಡಿ, ನಿಮ್ಮ ಕೈಯಾರೆ ಇನ್ನೊಂದು ಹಿಡಿ ಬೂದಿ ಸೇರಿಸಲೂ ಬೇಡಿ. ಎಂಜಿನಿಯರನ್ನು ಕೇಳಿ, ತಾರಸಿಗೆ ಹೊಟ್ಟೆ ತುಂಬ ನೀರು ಕುಡಿಸಿ. ಅವಸರದವರು ಮನೆಯಲ್ಲಿದ್ದರೆ ಮೆಟ್ಟಿಲಿಗೆ ಒಂದು ಕುರ್ಚಿ ಹಾಕಿ.