ಹೊಸಿಲಿಗೆ ಬಂದ ಭದ್ರೆ

ಭದ್ರಾ ಅಣೆಕಟ್ಟಿನ ಗೇಟು ತೆಗೆದಿದ್ದಾರೆಂದು ಆಟೋದ ಮೈಕು ಓಲ್ಡ್ ಟೌನಿನ ಹೊಳೆಬೀದಿಯಲ್ಲಿ ಅರಚಿಕೊಂಡು ಹೋಗಿ ಬಹಳ ಹೊತ್ತಾಗಿತ್ತು. ಊರವರೇ ಕಟ್ಟಿಕೊಂಡ ನೆರೆ ತಂಡದ ಟ್ರ್ಯಾಕ್ಟರು ಬೀದಿ ತುದಿಯಲ್ಲಿ ಗುಡುಗುಡು ಎನ್ನುತ್ತ ನಿಂತಿತ್ತು. ಈ ಬೀದಿಯವರನ್ನು ಎತ್ತರದಲ್ಲಿದ್ದ ಶಾಲೆಗೆ ತಲುಪಿಸುವ ಹೊಣೆ ತಂಡದ ಜಯಶೀಲಾಳದು. ಎಲ್ಲರೂ ಹತ್ತಿದ್ದರು, ತುಂಗಮ್ಮನ ಮನೆಯವರನ್ನು ಬಿಟ್ಟು.

ತುಂಗಮ್ಮ ಜಗಲಿ ಬಿಟ್ಟು ಅಲ್ಲಾಡಲೊಲ್ಲಳು. ಪಕ್ಕದಲ್ಲಿ ಮೊರ, ಅರಿಶಿನ, ಕುಂಕುಮ, ಬಳೆ, ಬ್ಲೌಸ್ ಪೀಸು. ಹೊಳೆ ಹೊಸಿಲಿಗೆ ಬಂದರೆ ಮನೆಮಗಳು ಬಂದ ಹಾಗೆ, ಬಾಗಿನ ಕೊಡದೆ ಬೆನ್ನು ತಿರುಗಿಸಬಾರದು ಎನ್ನುವುದು ಆ ಬೀದಿಯ ಹೆಂಗಸರ ಪದ್ಧತಿ. ಯಾವ ಪುಣ್ಯಾತ್ಗಿತ್ತಿ ಶುರುಮಾಡಿದಳೋ, ನೀರು ಬರುವವರೆಗೆ ಕೂತು ಕಾಯುವುದಂತೆ! ಸೊಸೆ ಸೀತಾ ಕೈಗೂಸನ್ನು ಅವುಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಏಳದೆ ಅವಳು ಹೊರಡುವಂತಿರಲಿಲ್ಲ.

ಹೋದ ವರ್ಷ ಜಯಶೀಲಾಳ ಅತ್ತೆಯೂ ಹೀಗೇ ಕಾದಿದ್ದಳು. ನೀರು ಬಂತು, ಬಗ್ಗಿ ಬಾಗಿನ ಬಿಟ್ಟಳು, ಕಾಲು ಜಾರಿತು, ಹೊಳೆ ಎಳೆದುಕೊಂಡು ಹೋಯಿತು. ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದವಳು ಜಯಶೀಲಾಳೇ. ಆವತ್ತಿನಿಂದ ಅವಳಿಗೆ ಅಳುವೂ ಇಲ್ಲ, ಹಸಿವೂ ಇಲ್ಲ. ಉಣ್ಣು ಅಂದರೆ ಉಣ್ಣುತ್ತಾಳೆ. ತಂಡಕ್ಕೆ ಸೇರು ಅಂದರು, ಸೇರಿದಳು.

"ಏಳಿ ತುಂಗಮ್ಮಾರೆ."

"ಗಂಗಮ್ಮ ಬಾಗಿಲಿಗೆ ಬರೋ ಹೊತ್ತಲ್ಲಿ ನಾನು ಓಡಿಹೋಗ್ಲೇನೆ? ಚೆನ್ನಾಗಿ ಹೇಳ್ತೀಯ ಮಾರಾಯ್ತಿ! ನಿಮ್ಮತ್ತೆ ಇದ್ದಿದ್ರೆ ಹಿಂಗನ್ನೋಳಾ?"

ಜಯಶೀಲಾ ಒಳಗೆ ಹೋಗಿ ಅಡುಗೆಮನೆಯ ಕೊಡ ಎತ್ತಿಕೊಂಡಳು. ಬೀದಿಯ ಇಳಿಜಾರಿನಲ್ಲಿ ಕೆಂಪು ನೀರು ಆಗಲೇ ಕರಿಯಣ್ಣನ ಅಂಗಡಿ ಮುಟ್ಟಿತ್ತು. ಅದರ ಅಂಚಿನಲ್ಲೇ ನಿಂತು ಕೊಡ ತುಂಬಿಸಿ, ಸೊಂಟದಲ್ಲಿಟ್ಟುಕೊಂಡು ಬಂದು, ತುಂಗಮ್ಮನ ಹೊಸಿಲ ಮೇಲೆ ಸುರಿದಳು.

"ಬಂದ್ಲು ನೋಡಿ. ಬಾಗಿನ ಕೊಡಿ, ಹೊರಡಿ."

ತುಂಗಮ್ಮ ಬೈಯಲು ಬಾಯಿ ತೆರೆದಳು. ಒದ್ದೆ ಹೊಸಿಲು ನೋಡಿದಳು, ಮೊಮ್ಮಗುವನ್ನು ನೋಡಿದಳು. ಆಮೇಲೆ ಗೊಣಗುತ್ತಲೇ ಅರಿಶಿನ ಕುಂಕುಮ ಹಾಕಿ, ಮೊರ ಇಟ್ಟು ಕೈಮುಗಿದಳು. "ತಣ್ಣಗೆ ಹೋಗಿ ಬಾ ತಾಯೀ." ತಂಡದವರು ಮೂವರನ್ನೂ ಟ್ರ್ಯಾಕ್ಟರಿಗೆ ಹತ್ತಿಸಿಕೊಂಡರು.

ಎಲ್ಲರೂ ಶಹಬ್ಬಾಸ್ ಅಂದರು. ಜಯಶೀಲಾಳ ಕಿವಿಗೆ ಅದು ಹೋಗಲಿಲ್ಲ. ಸೀತಾ ಮಗುವನ್ನು ತೊಡೆಗೆ ಹಾಕಿಕೊಂಡು ಕೇಳಿದಳು, "ಅಕ್ಕಾ, ಈ ಉಪಾಯ ಯಾವಾಗ ಹೊಳೀತು ನಿಂಗೆ?"

"ಈಗ್ಲೇ ಕಣೆ," ಎಂದಳು ಜಯಶೀಲಾ. "ಒಂದ್ ಕೊಡ ನೀರು ಸಾಕಿತ್ತು ನಮ್ಮತ್ತೆಗೂ."

ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.