ಅಂಗಳವಿಲ್ಲದ ಊರಿನ ಸಿಡಿಲು

ಮೋಡ ಕಂಡರೆ ಕ್ಯಾಮೆರಾ ಹಿಡಿದು ಅದರ ಬೆನ್ನು ಹತ್ತುವ ಹುಚ್ಚು ಯಜ್ಞೇಶನದು. ಕತಾರಿನಲ್ಲಿ ಮಳೆಯೇ ಅಪರೂಪ. ಆ ಶುಕ್ರವಾರ ಸಂಜೆ ಗುಡುಗಿನ ಮೋಡ ಉತ್ತರಕ್ಕೆ ಸರಿಯುವುದನ್ನು ಕಂಡದ್ದೇ ತಡ, ರೂಮಿನ ಜೊತೆಗಾರ ಲತೇಶನನ್ನು ಕಾರಿಗೆ ಹತ್ತಿಸಿಕೊಂಡು ಅಲ್ ಶಮಾಲಿನ ಬಯಲಿಗೆ ಹೊರಟ.

ಮೋಡ ನೆತ್ತಿಗೆ ಬಂದಾಗ ಲತೇಶನ ಜೀವ ಬಾಯಿಗೆ ಬಂತು. ಇಬ್ಬರೂ ಉಡುಪಿ ಕಡೆಯವರು. ಗುಡುಗು ಜೋರಾದರೆ ಮನೆಯವರು ಅಂಗಳಕ್ಕೆ ಕತ್ತಿ ಎಸೆಯುವುದನ್ನು ನೋಡಿ ಬೆಳೆದವರು. ಕಬ್ಬಿಣ ಬಿದ್ದರೆ ಸಿಡಿಲು ಶಾಂತವಾಗುತ್ತದೆಂಬ ನಂಬಿಕೆ.

"ಎಂತಾದ್ರೂ ಒಂದು ಕಬ್ಬಿಣ ಹೊರಗೆ ಬಿಸಾಡು ಮಾರಾಯ," ಎಂದ ಲತೇಶ.

ಯಜ್ಞೇಶ ನಕ್ಕ. "ನಿನ್ನ ಅಜ್ಜಿಯ ಕತ್ತಿ ಇಲ್ಲಿ ಎಲ್ಲುಂಟು?"

"ಜ್ಯಾಕಿನ ರಾಡ್ ಉಂಟಲ್ಲ!"

"ಆಯ್ತು, ನಿನ್ನ ಸಮಾಧಾನಕ್ಕೆ. ಆಮೇಲೆ ಬಾಯಿ ಮುಚ್ಚಿ ಕೂತ್ಕೊಳ್ಬೇಕು, ಖಲಾಸ್."

ಕಾರು ನಿಲ್ಲಿಸಿ ಇಳಿದು, ಡಿಕ್ಕಿಯಿಂದ ರಾಡ್ ತೆಗೆದು, ದೂರ ಎಸೆಯಲೆಂದು ಯಜ್ಞೇಶ ಕೈ ಎತ್ತಿದ. ಊರಿನ ಅಂಗಳದ ಸುತ್ತ ಸಿಡಿಲನ್ನು ತಮ್ಮ ತಲೆಯ ಮೇಲೆ ತೆಗೆದುಕೊಳ್ಳುವ ತೆಂಗಿನ ಮರಗಳಿದ್ದವು. ಇಲ್ಲಿ ಕಣ್ಣು ಹಾಯುವಷ್ಟು ದೂರ ಅವನೊಬ್ಬನೇ ನಿಂತಿದ್ದ.

ಬಯಲೆಲ್ಲ ಬೆಳ್ಳಗಾಯಿತು.

ಲತೇಶ ಕಾರಿನಿಂದಿಳಿದು ಓಡಿಹೋಗಿ ಗೆಳೆಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಉಸಿರಿರಲಿಲ್ಲ. ಮಳೆ ಹನಿಯತೊಡಗಿತು. ಗುಡುಗು, ಲತೇಶ ಬಯಸಿದ್ದಂತೆಯೇ, ಸಮುದ್ರದ ಕಡೆ ಸರಿದು ಶಾಂತವಾಗುತ್ತಿತ್ತು.