ತಟ್ಟದೆ ಸೀಳಿದ ದಿಮ್ಮಿ

ನಾನು ಒಂದು ಸೌದೆ ಸೀಳುವ ಯಂತ್ರ. ನನಗೆ ನನ್ನದೇ ಆದ ಕಾಲಿಲ್ಲ. ಸ್ಕಿಡ್ ಸ್ಟಿಯರ್ ಎಂಬ ಗಿಡ್ಡ ಗಾಡಿಯೊಂದಿದೆ, ನಿಂತಲ್ಲೇ ಬುಗುರಿಯಂತೆ ತಿರುಗುವಂಥದ್ದು. ಅದರ ಮೂತಿಗೆ ನನ್ನನ್ನು ಕಚ್ಚಿಸಿದರೆ ನಾನು ನಡೆಯುತ್ತೇನೆ. ಅದರ ಎಣ್ಣೆ ನನ್ನೊಳಗೆ ನುಗ್ಗಿದರೆ ನನಗೆ ಬಲ. ಇದನ್ನು ಮೊದಲೇ ಹೇಳುತ್ತಿರುವುದು ತಪ್ಪಿಸಿಕೊಳ್ಳಲಿಕ್ಕಲ್ಲ. ಬಲ ಯಾರದ್ದೇ ಇರಲಿ, ಬಾಯಿ ನನ್ನದೇ.

ನಾನು ಹುಟ್ಟಿದ್ದು ಹುಣಸೂರಿನ ಹೊರಗೆ, ಕಾಳಿಕಾ ಎಂಬ ಹೆಣ್ಣುಮಗಳ ವೆಲ್ಡಿಂಗ್ ಶೆಡ್ಡಿನಲ್ಲಿ. ಅಪ್ಪನ ಕುಲುಮೆ ಇದ್ದ ಜಾಗದಲ್ಲೇ ಅವಳು ಶೆಡ್ಡು ಹಾಕಿದ್ದಳು. ನನ್ನ ಬೆನ್ನೆಲುಬು ಕೆಡವಿದ ಗೋದಾಮಿನ ಚೌಕಾಕಾರದ ಕಬ್ಬಿಣದ ತೊಲೆ, ಒಳಗೆಲ್ಲ ಟೊಳ್ಳು. ನನ್ನ ತೋಳು, ಮುದಿಯಾದ ಮಣ್ಣಗೆಯುವ ಯಂತ್ರದ ಸಿಲಿಂಡರ್. ನನ್ನ ಅಲಗು ಒಂದು ಕಾಲದಲ್ಲಿ ರಸ್ತೆ ಸಮ ಮಾಡುತ್ತಿದ್ದುದಂತೆ; ಮೂರು ದಿನ ಕೂತು ಉಜ್ಜಿ ಅದಕ್ಕೆ ಹರಿತ ಬರಿಸಿದಳು. ಮೊದಲ ಪರೀಕ್ಷೆಯಲ್ಲಿ ದಿಮ್ಮಿ ಸೀಳುವ ಬದಲು ನನ್ನ ಬೆನ್ನೇ ಬಾಗಿತು. ಕಾಳಿಕಾ ಬಯ್ಯಲಿಲ್ಲ. ಬೆನ್ನನ್ನು ಕಾಯಿಸಿ ನೆಟ್ಟಗೆ ಮಾಡಿ, ಎರಡೂ ಮಗ್ಗುಲಿಗೆ ದಪ್ಪ ಪಟ್ಟಿ ಬೆಸೆದಳು.

ನನ್ನನ್ನು ಮಾಡಿಸಿದ್ದು ಸೌದೆ ಡಿಪೋದ ಇಲಿಯಾಸ್ ಸಾಬರು. ಮಾಡಿಸಿ ಎಂದು ಅವರ ಬೆನ್ನು ಹತ್ತಿದ್ದು ಚೌಡಯ್ಯ, ಅಲ್ಲಿ ಮೂವತ್ತು ವರ್ಷ ಕೊಡಲಿ ಹಿಡಿದವನು. ಅವನು ದಿನಾ ಶೆಡ್ಡಿಗೆ ಬಂದು ಬಕೆಟ್ಟು ಬೋರಲು ಹಾಕಿ ಕೂರುತ್ತಿದ್ದ.

"ಇಬ್ರು ತಬ್ಬಬೇಕು, ಅಂಥ ಮಳೆಮರದ ದಿಮ್ಮಿ ಬತ್ತಾವೆ ಕಣವ್ವ. ನನ್ ರಟ್ಟೆ ಮುಗೀತು. ಇದುಕ್ಕೆ ಒಳ್ಳೆ ಬಾಯಿ ಮಡಗು."

"ಮಡಗ್ತೀನಿ ಮಾವ. ನಿನ್ ಬಾಯಿಗಿಂತ ಒಸಿ ಚಿಕ್ಕದು."

"ಅಂಗಾರೆ ಪರವಾಗಿಲ್ಲ, ಎಂಥಾ ದಿಮ್ಮಿನಾದ್ರೂ ನುಂಗ್ತದೆ." ಅವನೇ ನಕ್ಕ. ಆಮೇಲೆ ನನ್ನ ಅಲಗನ್ನು ಸವರಿ ಕೇಳಿದ, "ಇದು ತಟ್ಟೋದು ಹೆಂಗೆ?"

ಕಾಳಿಕಾಗೆ ಅರ್ಥವಾಗಲಿಲ್ಲ. ದೊಡ್ಡ ದಿಮ್ಮಿ ಸೀಳುವ ಮುಂಚೆ ಚೌಡಯ್ಯ ಕೊಡಲಿಯ ಹಿಂಬದಿಯಿಂದ ಮೂರು ಸಲ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದನಂತೆ. ಅವನ ಅಜ್ಜಿ ಕಲಿಸಿದ್ದು. ಹಳೇ ಮರಕ್ಕೆಲ್ಲ ಒಂದು ಬಾಗಿಲಿರುತ್ತದೆ, ಅದಕ್ಕೆ ಚಿಲಕವಿರುವುದಿಲ್ಲ ಎನ್ನುತ್ತಿದ್ದಳಂತೆ ಆಕೆ.

"ಒಳಗೆ ಯಾರಾರ ಇದ್ರೆ ಎದ್ದೋಗ್ಲಿ ಅಂತ. ಬಾಗ್ಲು ತಟ್ದೆ ಮನೆ ಒಡೀತಾರಾ?"

ಕಾಳಿಕಾ ಎದ್ದು ಹೋಗಿ, ಮುಷ್ಟಿಗಾತ್ರದ ಕಬ್ಬಿಣದ ಗುಂಡೊಂದನ್ನು ಸರಪಳಿಯಲ್ಲಿ ನನ್ನ ಬಾಯಿಯ ಮುಂದೆ ತೂಗುಬಿಟ್ಟಳು. ನಾನು ಬಗ್ಗಿದರೆ ಗುಂಡು ದಿಮ್ಮಿಯನ್ನು ತಟ್ಟಬೇಕು. ಆ ದಿನ ನನಗೆ ಎಷ್ಟು ಹೆಮ್ಮೆ! ಮೂಗುತಿ ಹಾಕಿಸಿಕೊಂಡ ಮದುವಣಗಿತ್ತಿಯ ಹಾಗೆ ಡಿಪೋಗೆ ಹೋದೆ.

ಡಿಪೋದಲ್ಲಿ ನನ್ನನ್ನು ನಡೆಸುತ್ತಿದ್ದವನು ಹೂವಣ್ಣ. ಒಳ್ಳೆಯವನೇ, ಆದರೆ ಅವಸರದವನು. ಗುಂಡು ಗಾಡಿಗೆ ಬಡಿದು ಸದ್ದಾದಾಗಲೆಲ್ಲ ಗೊಣಗುತ್ತಿದ್ದ. "ಇದೇನ್ ಮಾವ ಗಂಟೆ? ನಾನೇನು ಬಸವಣ್ಣನ ಹೊಡ್ಕೊಂಡು ಭಿಕ್ಷಕ್ಕೆ ಹೊಂಟಿದೀನಾ?" ಒಂದು ದಿನ ಕಟ್ಟುತಂತಿ ತಂದು ಗುಂಡನ್ನು ಮೇಲಕ್ಕೆ ಬಿಗಿದುಬಿಟ್ಟ.

ನನಗೆ ನೋವಾಯಿತು ಎಂದರೆ ಸುಳ್ಳಾಗುತ್ತದೆ. ಹಗುರಾಯಿತು. ತಟ್ಟಿ, ನಿಂತು, ಕೇಳುವ ರಗಳೆ ತಪ್ಪಿತು. ಮುಂಚೆ ದಿನಕ್ಕೆ ಇಪ್ಪತ್ತೈದು ದಿಮ್ಮಿ ಸೀಳುತ್ತಿದ್ದವಳು ಈಗ ನಲವತ್ತು ಸೀಳಿದೆ. ಸಾಬರು ನನ್ನ ಬೆನ್ನು ತಟ್ಟಿದರು. ಚೌಡಯ್ಯ ಮಾತ್ರ ಕೊಡಲಿ ಹಿಡಿದು ನನ್ನ ಮುಂದೆ ಮುಂದೆ ಓಡಿ, ತಾನೇ ಒಂದೊಂದು ದಿಮ್ಮಿಯನ್ನೂ ತಟ್ಟತೊಡಗಿದ. ಈ ಮುದುಕ ಅಡ್ಡ ಬರುತ್ತಾನಲ್ಲ ಎಂದು ನಾನು ಬೇಸರಪಟ್ಟೆ. ನನ್ನ ಗುಂಡಿನ ಕೆಲಸವನ್ನೇ ಅವನು ಮಾಡುತ್ತಿದ್ದಾನೆಂದು ಹೊಳೆಯಲೇ ಇಲ್ಲ.

ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಒಣಗಿಸುವ ಬ್ಯಾರನ್ ಮನೆಗಳ ಒಲೆಗೆ ಸೌದೆ ಬೇಕೆಂದು ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಒಂದು ಮಧ್ಯಾಹ್ನ ಪೊಟರೆಯಿದ್ದ ಮಳೆಮರದ ದಿಮ್ಮಿ ಬಂತು. ಚೌಡಯ್ಯ ತಟ್ಟಿದ, ಕಿವಿಯಿಟ್ಟ, ಕೈ ಎತ್ತಿದ.

"ತಡಿ ಹೂವಣ್ಣ. ಮರಿ ಅವೆ."

ಇಂಜಿನ್ನಿನ ಅಬ್ಬರದಲ್ಲಿ ಮಾತು ಮುಳುಗಿತು. ಹೂವಣ್ಣ ಲಾರಿಯ ಕಡೆ ನೋಡುತ್ತಿದ್ದ. ನಾನು ಬಗ್ಗಿದೆ. ಮರಿಗಳನ್ನು ಎತ್ತಿಕೊಳ್ಳಲು ಚೌಡಯ್ಯ ಎಡಗೈಯನ್ನು ಪೊಟರೆಯೊಳಗೆ ಹಾಕಿದ್ದ. ನನ್ನ ಅಲಗು ದಿಮ್ಮಿಗೆ ಇಳಿಯಿತು.

ಮರ ಯಾವುದು, ಬೆರಳು ಯಾವುದು ಎಂದು ನನಗೆ ಗೊತ್ತಾಗಲೇ ಇಲ್ಲ. ಇವತ್ತಿಗೂ ನಾನು ತಲೆ ತಗ್ಗಿಸುವುದು ಅದಕ್ಕೇ. ಅಷ್ಟು ವರ್ಷ ಕೊಡಲಿ ಹಿಡಿದ ಕೈ, ನನಗೆ ಕಡ್ಡಿಯಷ್ಟೂ ಅಡ್ಡವೆನಿಸಲಿಲ್ಲ.

ಎರಡು ಬೆರಳು ಹೋದವು. ಅಳಿಲಿನ ಮೂರು ಮರಿಗಳಲ್ಲಿ ಒಂದು ಉಳಿಯಿತು. ಚೌಡಯ್ಯ ಅದನ್ನು ಟವಲಿನಲ್ಲಿ ಸುತ್ತಿಕೊಂಡೇ ಆಸ್ಪತ್ರೆಗೆ ಹೋದ. ಜೊತೆಗೆ ಹೋದ ಹೂವಣ್ಣ ದಾರಿಯುದ್ದಕ್ಕೂ ಅತ್ತನಂತೆ, ಮತ್ತೆ ಗಾಡಿ ಹತ್ತಲಿಲ್ಲ. ಮರುದಿನ ಕಾಳಿಕಾ ಬಂದು ತಂತಿ ಕತ್ತರಿಸಿದಳು. ಯಾರೂ ಕಟ್ಟಿಡಲಾಗದಂತೆ ಗುಂಡಿಗೆ ಸರಪಳಿಯ ಬದಲು ಗಟ್ಟಿ ಕಂಬಿ ಬೆಸೆಯುತ್ತಾ ಹೇಳಿದಳು, "ಇದ ಮೊದ್ಲೇ ಮಾಡ್ಬೇಕಿತ್ತು. ನಂದೂ ತಪ್ಪು."

ನನ್ನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಿತ್ತು.

ಆಮೇಲೆ ಒಂಬತ್ತು ವರ್ಷ ತಟ್ಟಿಯೇ ಸೀಳಿದೆ, ಮೊದಲು ಡಿಪೋದಲ್ಲಿ, ಆಮೇಲೆ ಒಂದು ಇಟ್ಟಿಗೆ ಗೂಡಿನಲ್ಲಿ. ಪ್ರತಿ ತಟ್ಟಿಗೂ ಆ ಮಧ್ಯಾಹ್ನ ನೆನಪಾಗುತ್ತಿತ್ತು. ಚೌಡಯ್ಯ ಮಾತ್ರ ಒಮ್ಮೆಯೂ ನನ್ನ ಹತ್ತಿರ ಬರಲಿಲ್ಲ. ಸಿಲಿಂಡರ್ ಸೋರತೊಡಗಿದಾಗ ಇಟ್ಟಿಗೆಯವರು ನನ್ನನ್ನು ಗುಜರಿಗೆಂದು ಕಾಳಿಕಾಳಿಗೇ ಒಪ್ಪಿಸಿದರು. ಶೆಡ್ಡಿನ ಹಿಂದೆ, ಹೊಂಗೆಯ ನೆರಳಲ್ಲಿ ಎರಡು ಮಳೆಗಾಲ ಕಳೆದೆ.

ಮೊನ್ನೆ ಬೆಳಿಗ್ಗೆ ನನ್ನನ್ನು ತುಂಡು ಮಾಡಲು ಗ್ಯಾಸ್ ಕಟರಿನವನು ಬಂದ. ಕಾಳಿಕಾ ನೀಲಿ ಬೆಂಕಿ ಹಚ್ಚಿಕೊಡುತ್ತಿದ್ದಳು. ಅದೇ ಹೊತ್ತಿಗೆ ಗುದ್ದಲಿ ತಟ್ಟಿಸಲು ಬಂದಿದ್ದ ಚೌಡಯ್ಯ ಹಿತ್ತಲಿಗೆ ಬಂದ. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿದ. ನಾನು ತುಕ್ಕಿನೊಳಗೆ ಇನ್ನಷ್ಟು ಅಡಗಿಕೊಂಡೆ.

"ಒಸಿ ತಡಿಯಪ್ಪ," ಎಂದ ಕಟರಿನವನಿಗೆ.

ಹತ್ತಿರ ಬಂದು ಎಡಗೈಯಿಂದ ನನ್ನ ಟೊಳ್ಳು ಬೆನ್ನನ್ನು ತಟ್ಟಿದ, ಮೂರು ಸಲ. ಕಿವಿಯಿಟ್ಟ. ನನ್ನೊಳಗೆ ಗೊರವಂಕದ ಮರಿಗಳು ಒಟ್ಟಿಗೆ ಚೀರಿದವು.

"ಸಂಸಾರ ಐತೆ ಇದ್ರೊಳಗೆ. ರೆಕ್ಕೆ ಬಲಿಯೋಗಂಟ ಬುಡ್ರವ್ವ."

ಕಾಳಿಕಾ ಬೆಂಕಿ ಆರಿಸಿದಳು.

ಇನ್ನೊಂದು ತಿಂಗಳು ನಾನಿರುತ್ತೇನೆ. ಮರಿಗಳು ಹಾರಿಹೋದ ಮೇಲೆ ನನ್ನನ್ನು ಕುಯ್ಯಲಿ, ನನಗೆ ಭಯವಿಲ್ಲ. ಅಂದು ನಾನು ಅವನಿಗೆ ಕೊಡದಿದ್ದ ಗಳಿಗೆಯನ್ನು ಅವನು ನನಗೆ ಕೊಟ್ಟ. ಆ ಮೂರು ತಟ್ಟನ್ನೂ ನಾನು ಎಚ್ಚರದಿಂದ ಕೇಳಿಸಿಕೊಂಡೆ. ಒಂದೊಂದರಲ್ಲೂ ಎರಡು ಬೆರಳಿನ ಸದ್ದು ಕಡಿಮೆಯಿತ್ತು.